ತೊಳೆದರೂ ಕೆಡದ ಬಗ್ಗಿ

ಮೇಷ್ಟ್ರಮ್ಮ ನನ್ನ ಕೌಂಟರಿನ ಮೇಲೆ ವೈರ್ ಬ್ಯಾಗ್ ಇಟ್ಟು, ಮೇಲಿದ್ದ ನುಗ್ಗೇಕಾಯಿ ಕಟ್ಟನ್ನು ಪಕ್ಕಕ್ಕೆ ಸರಿಸಿ, ಅಡಿಯಿಂದ ರಿಮೋಟಿನಲ್ಲಿ ಓಡಿಸುವ ಒಂದು ಪುಟ್ಟ ರೇಸಿಂಗ್ ಬಗ್ಗಿಯ ಚಾಸಿ ಎತ್ತಿ ಹೊರಗಿಟ್ಟರು. ಒಂದು ಮೊಳ ಉದ್ದ, ಮುಳ್ಳುಮುಳ್ಳಾದ ನಾಲ್ಕು ಟೈರು, ಸ್ಪ್ರಿಂಗು, ಹಿಂದುಗಡೆ ಗೇರ್ ಪೆಟ್ಟಿಗೆ, ಎಲ್ಲ ಸರಿಯಾಗಿದ್ದವು. ಹೊಟ್ಟೆಯೊಳಗೆ ಮಾತ್ರ ಏನೂ ಇರಲಿಲ್ಲ. ಮೋಟಾರಿಲ್ಲ, ರಿಸೀವರಿಲ್ಲ, ಬ್ಯಾಟರಿಯಿಲ್ಲ. ಮುಂದಿನ ಬಂಪರಿನ ಸೀಳು ನೋಡಿದ ಕೂಡಲೇ ಅದು ಹೊಳೆನರಸೀಪುರದ ನಮ್ಮ ಹಲ್ಲಿನ ಡಾಕ್ಟರದು ಅಂತ ಗುರುತಾಯಿತು. ಹಿಂದಿನ ವರ್ಷ ಕಟ್ಟಾಯದ ಕೆರೆಯಂಗಳದಲ್ಲಿ ಅದಕ್ಕೆ ಗುದ್ದಿದವನು ನಾನೇ.

ಎರಡು ಸಾವಿರದ ಐದೋ ಆರೋ ಇರಬೇಕು. ಹಾಸನದ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಗಲ್ಲಿಯಲ್ಲಿ ನನ್ನದು ಟೀವಿ, ರೇಡಿಯೋ ರಿಪೇರಿ ಅಂಗಡಿ. ಬೇಸಿಗೆಯಲ್ಲಿ ಕೆರೆ ಒಣಗಿದ ಮೇಲೆ ಭಾನುವಾರಗಳಂದು ನಾವು ಐದಾರು ಜನ ಕಟ್ಟಾಯದ ಹತ್ತಿರ ಸೇರಿ ರಿಮೋಟ್ ಬಗ್ಗಿಗಳ ರೇಸ್ ಮಾಡುತ್ತಿದ್ದೆವು. ಹಲ್ಲಿನ ಡಾಕ್ಟರು, ಅರಕಲಗೂಡಿನ ಬೀಜದಂಗಡಿಯವರು, ಇನ್ನು ಮೂರು ಜನ, ನಾನು. ಅದನ್ನು ಯಾರಾದರೂ ಆಟದ ಸಾಮಾನು ಅಂದರೆ ನಮಗೆಲ್ಲ ಮೂಗಿನ ತುದಿಯಲ್ಲೇ ಸಿಟ್ಟು. ಯಾರ ಬಗ್ಗಿ ಕೆಟ್ಟರೂ ಕೊನೆಗೆ ಅದು ನನ್ನ ಬೆಂಚಿಗೆ ಬರುತ್ತಿತ್ತು. ಹಾಗಾಗಿ ಆ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬಿತ್ತು, ಒಪ್ಪಿಕೊಳ್ಳುತ್ತೇನೆ.

ಇದರೊಳಗೆ ಏನೇನು ಬೇಕೋ ಅದನ್ನೆಲ್ಲ ನೀವೇ ಆರಿಸಿ ಹಾಕಿಕೊಡಬೇಕಂತೆ, ಡಾಕ್ಟರು ಹೇಳಿ ಕಳಿಸಿದ್ದಾರೆ ಅಂದರು ಮೇಷ್ಟ್ರಮ್ಮ. ಓಡಿಸುವವರು ಹೊಸಬರು, ಏನೂ ಗೊತ್ತಿಲ್ಲ ಅಂತಲೂ ಅಂದರು. ಮಗನಿಗೋ ಮೊಮ್ಮಗನಿಗೋ ಅಂತ ಕೇಳಿದೆ.

"ನಮ್ಮೆಜಮಾನ್ರಿಗೆ ಸರ್."

ಆಮೇಲೆ ಸ್ಟೂಲಿನ ಮೇಲೆ ಕೂತು ವಿಷಯ ಹೇಳಿದರು. ಅವರು ನುಗ್ಗೇಹಳ್ಳಿಯ ಪ್ರೈಮರಿ ಸ್ಕೂಲಿನಲ್ಲಿ ಟೀಚರು, ಮನೆ ಚನ್ನರಾಯಪಟ್ಟಣದಲ್ಲಿ. ಯಜಮಾನರು ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಡ್ರೈವರ್ ಆಗಿದ್ದವರು. ಸಕ್ಕರೆ ಕಾಯಿಲೆ ಬಂದು, ಗಾಯ ವಾಸಿಯಾಗದೆ, ಎಡಗಾಲಿನ ಪಾದ ತೆಗೆಯಬೇಕಾಯಿತು. ಕ್ಲಚ್ ತುಳಿಯುವ ಕಾಲು. ಕೃತಕ ಪಾದ ಹಾಕಿಸಿದ್ದರು, ಕೋಲು ಹಿಡಿದು ಓಡಾಡಬಹುದಿತ್ತು. ಅವರು ಮಾತ್ರ ಹನ್ನೊಂದು ತಿಂಗಳಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ. ಇನ್ನೊಬ್ಬ ಸ್ಟೀರಿಂಗ್ ಹಿಡಿದಿರುವ ಬಸ್ಸಿಗೆ ಹತ್ತುವುದಿಲ್ಲ ಅನ್ನುವ ಹಟ. ನೆಂಟರು ಬಂದರೆ ಗೋಡೆಗೆ ಮುಖ ಹಾಕಿ ಮಲಗುತ್ತಿದ್ದರಂತೆ.

ಹಲ್ಲುನೋವು ತಡೆಯಲಾರದೆ ಒಂದೇ ಒಂದು ದಿನ ಮಾತ್ರ ಕಾರು ಮಾಡಿಕೊಂಡು, ಕಣ್ಣು ಮುಚ್ಚಿ ಕೂತು, ಹೊಳೆನರಸೀಪುರಕ್ಕೆ ಹೋಗಿದ್ದರು. ಡಾಕ್ಟರು ಆಮೇಲೆ ಅವರಿಗೇ ಕೊಟ್ಟುಬಿಟ್ಟ ಈ ಬಗ್ಗಿ ಆಗ ಅಲ್ಲಿನ ಕಪಾಟಿನ ಮೇಲಿತ್ತು. ಹಲ್ಲು ಕಿತ್ತು ಬಾಯಿಗೆ ಹತ್ತಿ ತುರುಕಿದ್ದರೂ, ಇದು ಡೀಸಲ್ಲೋ ಬ್ಯಾಟ್ರಿಯೋ ಅಂತ ಕೇಳಿದರಂತೆ.

"ಹನ್ನೊಂದು ತಿಂಗಳಲ್ಲಿ ಅವರಾಗೇ ಕೇಳಿದ ಮೊದಲನೇ ಮಾತು ಸರ್ ಅದು," ಅಂದರು ಮೇಷ್ಟ್ರಮ್ಮ. "ಅದು ಕೆಟ್ಟು ಮೂಲೆ ಸೇರೋ ಹಂಗೆ ಮಾತ್ರ ಮಾಡ್ಬೇಡಿ. ಅದು ಮೂಲೆ ಸೇರಿದ್ರೆ ಇವರೂ ಸೇರ್ತಾರೆ."

ನಾನು ಧೈರ್ಯವಾಗಿ ಹೂಂ ಅಂದೆ. ಟೀವಿಯ ಪಿಕ್ಚರ್ ಟ್ಯೂಬಿಗೇ ಹೆದರದವನು ಇದಕ್ಕೆ ಹೆದರುತ್ತೇನೆಯೆ?

ಆರಿಸುವ ಕೆಲಸ ಹೊರಗಿನಿಂದ ನೋಡುವಷ್ಟು ಸುಲಭವಲ್ಲ. ಹೊಸಬರು ಮಾಡುವ ತಪ್ಪು ಒಂದೇ, ಮೊದಲು ಮೋಟಾರ್ ಕೇಳುತ್ತಾರೆ. ನಾನು ಯಾವಾಗಲೂ ರಿಮೋಟಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಕೈಗೆ ಸಿಗುವುದು ಅದೊಂದೇ. ರಿಮೋಟಿನಲ್ಲಿ ಎರಡು ಜಾತಿ. ಒಂದರಲ್ಲಿ ಎರಡು ಕಡ್ಡಿ, ಎರಡು ಹೆಬ್ಬೆರಳಲ್ಲಿ ಆಡಿಸಬೇಕು. ಇನ್ನೊಂದು ಪಿಸ್ತೂಲಿನ ಹಾಗೆ, ಎಡಗೈ ಬೆರಳಿಗೆ ವೇಗ ಏರಿಸುವ ಕುದುರೆ, ಅಂದರೆ ಟ್ರಿಗರ್, ಬಲಗೈಗೆ ಪುಟ್ಟ ಚಕ್ರ. ಇಪ್ಪತ್ತೆಂಟು ವರ್ಷ ಸ್ಟೀರಿಂಗ್ ತಿರುಗಿಸಿದವರಿಗೆ ಚಕ್ರದ್ದೇ ಸರಿ ಅಂತ ತೀರ್ಮಾನಿಸಿದೆ. ನಮ್ಮ ಗುಂಪಿನಲ್ಲಿ ಯಾರೂ ಬಳಸದ ಫ್ರೀಕ್ವೆನ್ಸಿ ನಂಬರಿನ ಕ್ರಿಸ್ಟಲ್ ಹಾಕಿದೆ. ಇಲ್ಲದಿದ್ದರೆ ಒಬ್ಬರ ರಿಮೋಟಿಗೆ ಇನ್ನೊಬ್ಬರ ಬಗ್ಗಿ ಓಡುತ್ತದೆ.

ಸ್ಟೀರಿಂಗ್ ತಿರುಗಿಸಲು ಒಂದು ಸರ್ವೋ ಬೇಕು. ಸರ್ವೋ ಅಂದರೆ ರಿಮೋಟಿನ ಮಾತು ಕೇಳಿ ಅಷ್ಟಕ್ಕಷ್ಟೇ ತೋಳು ತಿರುಗಿಸುವ ಬೆಂಕಿಪೊಟ್ಟಣದ ಗಾತ್ರದ ಯಂತ್ರ. ಅದು ಮಾಮೂಲಿಯದೇ ಸಾಕಾಯಿತು. ಮೋಟಾರು ಇಪ್ಪತ್ತೇಳು ಸುತ್ತು ತಂತಿಯದು. ಸುತ್ತು ಕಡಿಮೆಯಾದಷ್ಟೂ ವೇಗ ಜಾಸ್ತಿ, ಬ್ಯಾಟರಿ ತಿನ್ನುವುದೂ ಜಾಸ್ತಿ, ಓಡಿಸುವವರ ಬುದ್ಧಿ ಕೆಡುವುದೂ ಬೇಗ. ಬ್ಯಾಟರಿ ಆರು ಸೆಲ್ಲಿನ ಒಂದು ಕಟ್ಟು. ಚಾರ್ಜರ್ ಮಾತ್ರ ಕಾರಿನ ಬ್ಯಾಟರಿಯಿಂದ ನಡೆಯುವಂಥದ್ದನ್ನೇ, ಹಳೆಯದೊಂದು ಬ್ಯಾಟರಿ ಸಮೇತ, ತರಿಸಿದೆ. ಗೋಡೆಗೆ ಸಿಕ್ಕಿಸುವ ಚಾರ್ಜರನ್ನು ನಂಬಿದರೆ ಲೋಡ್ ಶೆಡ್ಡಿಂಗ್ ಕಾಲದಲ್ಲಿ ಬಗ್ಗಿ ಓಡುವುದು ಕರೆಂಟಿನವರು ಕೊಟ್ಟಾಗ ಮಾತ್ರ.

ಇನ್ನು ಉಳಿದದ್ದು ಸ್ಪೀಡ್ ಕಂಟ್ರೋಲರ್, ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಬೇಕೋ ಅಷ್ಟು ಅಳೆದು ಕೊಡುವ ಪೆಟ್ಟಿಗೆ. ಇದರಲ್ಲಿ ನನ್ನ ಕೊಬ್ಬು ಪೂರ್ತಿ ಹೊರಗೆ ಬಂತು. ಬೆಂಗಳೂರಿನಿಂದ ಒಳ್ಳೆಯ ಎಲೆಕ್ಟ್ರಾನಿಕ್ ಕಂಟ್ರೋಲರ್ ತರಿಸಿದೆ. ಬೆಣ್ಣೆಯ ಹಾಗೆ ನಯವಾಗಿ ವೇಗ ಏರುತ್ತದೆ, ಬ್ರೇಕ್ ಹಿಡಿಯುತ್ತದೆ, ರಿಮೋಟಿನ ಸಂಕೇತ ಹಿಡಿಯುವ ರಿಸೀವರಿಗೆ ಬೇಕಾದ ಐದು ವೋಲ್ಟನ್ನೂ ತಾನೇ ಕೊಡುತ್ತದೆ. ರಿವರ್ಸ್ ಇರುವುದನ್ನೇ ಬೇಕೆಂದು ಆರಿಸಿದೆ. ರೇಸಿನವರು ರಿವರ್ಸ್ ಅಂದರೆ ಮೂಗು ಮುರಿಯುತ್ತಾರೆ. ಆದರೆ ಬಗ್ಗಿ ಗೋಡೆಗೆ ಸಿಕ್ಕಿಕೊಂಡಾಗಲೆಲ್ಲ ಕೋಲು ಊರಿಕೊಂಡು ಹೋಗಿ ಎತ್ತುವುದು ಅವರಿಂದ ಆಗುವ ಮಾತಲ್ಲ. ಇಷ್ಟೆಲ್ಲ ಯೋಚಿಸಿದೆನಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ಭಾನುವಾರ ಬಗ್ಗಿ ಹಿಡಿದುಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಡ್ರೈವರಣ್ಣ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ದಪ್ಪ ಮೀಸೆ, ಇಸ್ತ್ರಿ ಮಾಡಿದ ಖಾಕಿ ಅಂಗಿ. ಕೆಲಸ ಬಿಟ್ಟರೂ ಅಂಗಿ ಬಿಟ್ಟಿರಲಿಲ್ಲ. ರಿಮೋಟನ್ನು ಕೈಗೆ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ, "ಆಕ್ಸಿಲೇಟ್ರು ಬೆರಳಲ್ಲಿ, ಸ್ಟೇರಿಂಗು ಬಿಸ್ಕತ್ತಿನಷ್ಟು. ಹಾರ್ನ್ ಎಲ್ ಮಡ್ಗಿದ್ದೀರಾ ಸಾ?" ಅಂದರು. ಹಾರ್ನ್ ಇಲ್ಲ ಅಂದೆ. ಹಾರ್ನ್ ಇಲ್ಲದ್ದು ಎಂಥಾ ಗಾಡಿ ಅನ್ನುವ ಹಾಗೆ ಹೆಂಡತಿಯ ಮುಖ ನೋಡಿದರು.

ಮನೆಯ ಹಿಂದೆ ಕೊಬ್ಬರಿ ವ್ಯಾಪಾರದವರ ಖಾಲಿ ಕಣವಿತ್ತು. ಅಲ್ಲಿಗೆ ಕುರ್ಚಿ ಹಾಕಿಸಿದೆವು. ಅವರು ಹೊಸ್ತಿಲು ದಾಟಿದರು, ನಾವಿಬ್ಬರೂ ಅದನ್ನು ಗಮನಿಸದವರ ಹಾಗೆ ನಟಿಸಿದೆವು.

ಬಗ್ಗಿ ಅವರಿಂದ ದೂರ ಹೋಗುವಾಗ ಅವರ ಕೈ ಬಂಗಾರ. ಮೊದಲ ದಿನವೇ ಅಷ್ಟು ನೇರವಾಗಿ ಓಡಿಸಿದ ಹೊಸಬರನ್ನು ನಾನು ಕಂಡಿರಲಿಲ್ಲ. ತಿರುಗಿ ಅವರ ಕಡೆಗೆ ಬರುವಾಗ ಮಾತ್ರ ಅಧ್ವಾನ. ಎದುರು ಬರುವ ಬಗ್ಗಿಯ ಬಲ ನಮಗೆ ಎಡ. ಚಕ್ರ ಬಲಕ್ಕೆ ತಿರುಗಿಸಿದರೆ ಅದು ನಮ್ಮ ಎಡಕ್ಕೆ ಹೋಗುತ್ತದೆ. ಇದು ಎಲ್ಲ ಹೊಸಬರಿಗೂ ಬರುವ ಕಷ್ಟವೇ, ಆದರೆ ಇವರಿಗೆ ಇಪ್ಪತ್ತೆಂಟು ವರ್ಷದ ಅಭ್ಯಾಸ ಅಡ್ಡ ಬರುತ್ತಿತ್ತು. ಗಾಡಿಯೊಳಗೆ ಕೂತು ಮುಂದೆ ನೋಡಿ ಓಡಿಸಿದ ಜೀವ. ಬಗ್ಗಿ ಮೂರು ಸಲ ತೆಂಗಿನ ಸಿಪ್ಪೆಯ ರಾಶಿಗೆ ಹೋಗಿ ಗುದ್ದಿತು. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಹೇಳಿಕೊಟ್ಟೆ. ಅವರು ರಿಮೋಟ್ ಕೆಳಗಿಡುವ ಹಂತಕ್ಕೆ ಬಂದರು.

ಆಗ ಮೇಷ್ಟ್ರಮ್ಮ ಒಂದು ಮಾತು ಕೇಳಿದರು. ಬಸ್ಸು ರಿವರ್ಸ್ ತೆಗೆಯುವಾಗ ಹಿಂದೆ ನಿಂತ ಕಂಡಕ್ಟರು ಕೂಗುತ್ತಾರಲ್ಲ, ಅವರು ಯಾರ ಬಲ ಹೇಳುತ್ತಾರೆ ಅಂತ. ಡ್ರೈವರ್ ಬಲ ಅಂದರು ಅಣ್ಣ, ಅದರಲ್ಲೇನಿದೆ ಅನ್ನುವ ಹಾಗೆ.

"ಅಂದ್ಮೇಲೆ ಈಗ ನೀವು ಕಂಡಕ್ಟ್ರು ಕಣ್ರೀ. ಡ್ರೈವರ್ ಅದರೊಳಗೆ ಕೂತವ್ರೆ."

ಡ್ರೈವರಣ್ಣ ರಿಮೋಟನ್ನು ಮತ್ತೆ ಸರಿಯಾಗಿ ಹಿಡಿದುಕೊಂಡರು. ಆಮೇಲೆ ಬಾಯಲ್ಲೇ ಸಣ್ಣಗೆ "ರೈಟ್, ರೈಟ್, ಒಸಿ ಲೆಫ್ಟು" ಅಂತ ಹೇಳಿಕೊಳ್ಳುತ್ತಾ ಬಗ್ಗಿಯನ್ನು ತಮ್ಮ ಕಾಲ ಬುಡದವರೆಗೆ ತಂದು ನಿಲ್ಲಿಸಿದರು. ಅರ್ಧ ದಿನ ನಾನು ಹೇಳಿಕೊಟ್ಟ ಪಾಠ ಒಂದು ಕಡೆ, ಆ ಒಂದು ಮಾತು ಒಂದು ಕಡೆ. ಪ್ರೈಮರಿ ಸ್ಕೂಲಿನ ಟೀಚರುಗಳ ಬಗ್ಗೆ ನನಗೆ ಅವತ್ತಿನಿಂದ ಗೌರವ ಹೆಚ್ಚಾಯಿತು.

ಮುಂದಿನ ಒಂದು ತಿಂಗಳು ಒಳ್ಳೆಯ ಸುದ್ದಿಯೇ ಬರುತ್ತಿತ್ತು. ದಿನಾ ಸಂಜೆ ಕಣಕ್ಕೆ ಹೋಗುತ್ತಾರೆ, ಹಳೆಯ ಕಂಡಕ್ಟರು ನೋಡಲು ಬಂದಿದ್ದರು, ಅವರ ಜೊತೆ ಕೂತು ಕಾಫಿ ಕುಡಿದರು. ಯುಗಾದಿ ಕಳೆದ ಮೇಲಿನ ರೇಸಿಗೆ ಹೆಸರು ಬರೆಸಿ ಅಂತ ಅವರೇ ಹೇಳಿ ಕಳಿಸಿದರು. ನಾನು ಡಾಕ್ಟರ ಮುಂದೆ ನನ್ನ ಆಯ್ಕೆಯ ಬಗ್ಗೆ ಬೇಕಾದಷ್ಟು ಜಂಭ ಕೊಚ್ಚಿಕೊಂಡೆ.

ಅದಾದ ಮೇಲೆ ಒಂದು ಶುಕ್ರವಾರ ಮೇಷ್ಟ್ರಮ್ಮನ ಫೋನ್ ಬಂತು. ಬಗ್ಗಿಯಿಂದ ಹೊಗೆ ಬಂದು ನಿಂತುಬಿಟ್ಟಿದೆ ಅಂದರು. ಮಧ್ಯಾಹ್ನವೇ ಅಂಗಡಿಗೆ ಬಾಗಿಲು ಹಾಕಿ ಹೋದೆ. ಬಗ್ಗಿ ಜಗುಲಿಯ ಮೇಲೆ ಮಣೆ ಹಾಕಿಸಿಕೊಂಡು ಕೂತಿತ್ತು. ಮೂತಿಗೆ ಅರಿಶಿನ ಕುಂಕುಮ, ನಾಲ್ಕು ಚಕ್ರಕ್ಕೂ ಗಂಧ, ಪಕ್ಕದಲ್ಲಿ ಜಜ್ಜಿದ ನಿಂಬೆಹಣ್ಣು. ಮೇಲಿನ ಹೊದಿಕೆ ತೆಗೆದರೆ ಒಳಗೆಲ್ಲ ನೀರು. ಕಂಟ್ರೋಲರಿನ ಪೆಟ್ಟಿಗೆ ಬಿಚ್ಚಿದರೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು, ಒಂದು ಕಡೆ ಕಪ್ಪಗೆ ಸುಟ್ಟಿತ್ತು. ಕಿಲುಬು ಒಂದು ದಿನದ್ದಲ್ಲ. ಕೇಳಿದರೆ, ವಾರ ವಾರ ಶುಕ್ರವಾರ ಬಕೆಟ್ಟಿನ ನೀರಲ್ಲಿ ತೊಳೆದು, ಒರೆಸಿ, ಪೂಜೆ ಮಾಡುತ್ತಿದ್ದರಂತೆ. ರಿಸೀವರ್ ಎತ್ತರದಲ್ಲಿ ಸ್ಪಂಜಿನ ಒಳಗೆ ಇದ್ದದ್ದರಿಂದ ಬದುಕಿಕೊಂಡಿತ್ತು.

ನನಗೆ ರೇಗಿತು. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಯಾರಾದರೂ ನೀರು ಹುಯ್ಯುತ್ತಾರಾ, ನಿಮ್ಮ ಮನೆ ಟೀವಿಗೆ ಹುಯ್ಯುತ್ತೀರಾ ಅಂತ ಡ್ರೈವರಣ್ಣನನ್ನು ಗದರಿದೆ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ಅವರು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು.

"ಗಾಡಿ ಅಂದ್ಮೇಲೆ ತೊಳೀದೆ ಓಡ್ಸದಾ ಸಾ? ಧೂಳು ಮೆತ್ಕಂಡಿರೋ ಗಾಡೀನ ನಾನು ಒಂದಿನಾನೂ ಲೈನಿಗೆ ತಗ್ದೋನಲ್ಲ," ಅಂದರು. ಆಮೇಲೆ ಬಗ್ಗಿಯನ್ನು ನನ್ನ ಕಡೆಗೆ ತಳ್ಳಿ, "ನೀವು ಅದುನ್ನ ತಗಂಡೋಗ್ಬುಡಿ. ನಂಗೆ ಬ್ಯಾಡ," ಅಂದು ಒಳಗೆ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಬಗ್ಗಿ ನನ್ನ ತೊಡೆಯ ಮೇಲಿತ್ತು. ನಾಚಿಕೆಯಾಯಿತು. ಟೀವಿ ರಿಪೇರಿಯವನಿಗೆ ಗಿರಾಕಿಯನ್ನು ಬಯ್ಯುವ ಹಕ್ಕಿಲ್ಲ, ಅದು ನಮ್ಮ ಕಸುಬಿನ ಮೊದಲನೇ ಪಾಠ. ಮೂರು ದಿನ ಬಿಟ್ಟು ಮೇಷ್ಟ್ರಮ್ಮ ಫೋನ್ ಮಾಡಿ, ಮತ್ತೆ ಮಾತು ನಿಂತಿದೆ ಅಂತಷ್ಟೇ ಹೇಳಿದರು. ರೇಸಿಗೆ ಇನ್ನು ಹದಿನೈದು ದಿನ ಇತ್ತು.

ಅಂಥದ್ದೇ ಇನ್ನೊಂದು ಕಂಟ್ರೋಲರ್ ತರಿಸಿ, ನೀರು ಮುಟ್ಟಿಸಬೇಡಿ ಅಂತ ಕಟ್ಟಪ್ಪಣೆ ಮಾಡಿ ಕೊಡಬಹುದಿತ್ತು. ಅದನ್ನೇ ಮಾಡಲು ಹೊರಟಿದ್ದೆ. ಮೋಟಾರ್ ವೈಂಡಿಂಗಿನವರ ವಾರ್ನಿಷ್ ಬಳಿದು ಸೀಲ್ ಮಾಡೋಣ ಅಂತಲೂ ಯೋಚಿಸಿದೆ. ಆದರೆ ಆ ಪೆಟ್ಟಿಗೆಗೆ ಗಾಳಿ ಬೇಕು. ಮುಚ್ಚಿದರೆ ಬಿಸಿಯಾಗಿ ಬೇರೆ ದಾರಿಯಲ್ಲಿ ಸಾಯುತ್ತದೆ. ಬೆಂಚಿನ ಮೇಲೆ ಸುಟ್ಟ ಕಂಟ್ರೋಲರ್ ಇಟ್ಟುಕೊಂಡು ನೋಡುತ್ತಾ ಕೂತಿದ್ದಾಗ ನನ್ನ ತಪ್ಪು ಎಲ್ಲಿ ಅಂತ ಹೊಳೆಯಿತು. ನಾನು ಕೈ ನೋಡಿ ಆರಿಸಿದ್ದೆ, ಕಾಲು ನೋಡಿ ಆರಿಸಿದ್ದೆ, ಕರೆಂಟು ನೋಡಿ ಆರಿಸಿದ್ದೆ. ಗಾಡಿಯನ್ನು ಅವರು ಹೇಗೆ ಇಟ್ಟುಕೊಳ್ಳುತ್ತಾರೆ ಅನ್ನುವುದನ್ನು ಕೇಳಿರಲೇ ಇಲ್ಲ. ಈ ಸೀಮೆಯಲ್ಲಿ ಸೈಕಲ್ಲನ್ನೂ ತೊಳೆಯದೆ ಇಡುವವರಿಲ್ಲ. ಅದೂ ಅಲ್ಲದೆ, ಅದು ಬಿಚ್ಚಿ ನೋಡಿದರೆ ಅವರಿಗೆ ಏನೂ ತಿಳಿಯದ ಪೆಟ್ಟಿಗೆ. ಬಸ್ಸಿನ ಬ್ರೇಕ್ ಶೂ ತಾವೇ ಬದಲಾಯಿಸುತ್ತಿದ್ದ ಮನುಷ್ಯ, ಇದು ಕೆಟ್ಟರೆ ನನ್ನ ದಾರಿ ಕಾಯುತ್ತಾ ಕೂರಬೇಕು. ಅವರ ಹಟಕ್ಕೆ ನಾನು ಇನ್ನೊಂದು ಕಾರಣ ಕೊಟ್ಟಿದ್ದೆ.

ತೀರ್ಮಾನ ಅಲ್ಲೇ ಆಯಿತು. ಎಲೆಕ್ಟ್ರಾನಿಕ್ ಕಂಟ್ರೋಲರ್ ಬೇಡ. ಹಳೆಯ ಕಾಲದ ಮೆಕ್ಯಾನಿಕಲ್ ಕಂಟ್ರೋಲ್ ಹಾಕುತ್ತೇನೆ.

ಅದು ಬಹಳ ಸರಳ. ತಾಮ್ರದ ಪಟ್ಟಿಗಳ ಮೇಲೆ ಒಂದು ತೋಳು ಸರಿಯುತ್ತದೆ, ತೋಳನ್ನು ಎರಡನೇ ಸರ್ವೋ ಎಳೆಯುತ್ತದೆ. ಮುಂದಕ್ಕೆ ಮೂರು ಮೆಟ್ಟಿಲು ವೇಗ, ನಡುವೆ ನ್ಯೂಟ್ರಲ್, ಹಿಂದಕ್ಕೆ ರಿವರ್ಸ್. ಕಡಿಮೆ ವೇಗದಲ್ಲಿ ಹೆಚ್ಚಾದ ಕರೆಂಟು ಒಂದು ಪಿಂಗಾಣಿಯ ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗುತ್ತದೆ. ದಂಡ ನಿಜ. ಆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ನೀರು ಬಿದ್ದರೆ ಬಿಸಿಲಿಗಿಟ್ಟರಾಯಿತು, ಕಿಲುಬು ಹಿಡಿದರೆ ಉಪ್ಪುಕಾಗದದಲ್ಲಿ ಉಜ್ಜಿದರಾಯಿತು. ಈ ಬಗ್ಗಿ ಹೊಸದಾಗಿದ್ದಾಗ ಅದರ ಜೊತೆಗೇ ಬಂದಿದ್ದದ್ದು ಡಾಕ್ಟರ ಹಳೆಯ ಡಬ್ಬದಲ್ಲಿತ್ತು. ಕೇಳಿದರೆ ನಕ್ಕುಬಿಟ್ಟರು. ಎಲ್ಲರೂ ಮುಂದಕ್ಕೆ ಹೋದರೆ ನೀವು ಹಿಂದಕ್ಕೆ ಹೊರಟಿರಲ್ಲ ಅಂದರು. ನಗಲಿ ಅಂತ ತಂದೆ.

ಎರಡು ಸರ್ವೋಗಳ ಬಾಯಿಗೂ ಗ್ರೀಸ್ ತುಂಬಿ, ಸಂದುಗಳಿಗೆ ಸಿಲಿಕೋನ್ ಬಳಿದೆ. ರಿಸೀವರನ್ನು ಬಲೂನಿನೊಳಗೆ ಹಾಕಿ, ವೈರು ಹೊರಗೆ ಬರುವಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದೆ. ಹುಟ್ಟುಹಬ್ಬದ ಕೆಂಪು ಬಲೂನು. ಈಗ ರಿಸೀವರಿಗೆ ಐದು ವೋಲ್ಟ್ ಕೊಡುವವರು ಯಾರು ಅನ್ನುವ ಪ್ರಶ್ನೆ ಉಳಿಯಿತು. ಅದಕ್ಕೆ ಟೀವಿಯಲ್ಲಿ ದಿನಾ ಹಾಕುವ ಮೂರು ಕಾಲಿನ ರೆಗ್ಯುಲೇಟರ್ ಒಂದನ್ನು ಬೆಸುಗೆ ಹಾಕಿ, ಅಂಗಡಿಯ ಮುಂದೆ ಓಡಿಸಿ ನೋಡಿದೆ.

ಹುಚ್ಚು ಹಿಡಿದ ಹಾಗಾಯಿತು ಬಗ್ಗಿಗೆ. ಮೂರನೇ ಸ್ಪೀಡಿಗೆ ಹಾಕಿದೊಡನೆ ಮುಂದಿನ ಚಕ್ರಗಳು ಅತ್ತ ಇತ್ತ ಒದ್ದಾಡುತ್ತಿದ್ದವು. ಗ್ರೀಸ್ ತುಂಬಿದ ಸರ್ವೋದ್ದೇ ತಪ್ಪು ಅಂತ ಬದಲಾಯಿಸಿದೆ. ಕ್ರಿಸ್ಟಲ್ ಬದಲಾಯಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಎರಡು ದಿನ ಕಳೆದೆ. ಕೊನೆಗೆ ಮೀಟರ್ ಹಿಡಿದರೆ, ಮೋಟಾರ್ ಜೋರಾಗಿ ಎಳೆಯುವ ಕ್ಷಣದಲ್ಲಿ ಬ್ಯಾಟರಿ ಆರು ವೋಲ್ಟಿಗಿಂತ ಕೆಳಗೆ ಕುಸಿಯುತ್ತಿತ್ತು. ಆ ರೆಗ್ಯುಲೇಟರಿಗೆ ಐದು ಕೊಡಬೇಕಾದರೆ ಏಳಾದರೂ ಬೇಕು. ಕಲಿತ ಮೊದಲನೇ ವರ್ಷದ ಪಾಠ ಅದು, ನಾನೇ ಮರೆತಿದ್ದೆ. ರೆಗ್ಯುಲೇಟರ್ ಕಿತ್ತೆಸೆದು, ರಿಸೀವರಿಗೆ ಬೇರೆಯಾಗಿ ನಾಲ್ಕು ಪೆನ್ಸಿಲ್ ಸೆಲ್ ಹಾಕಿದೆ. ಚಕ್ರಗಳು ತೆಪ್ಪಗಾದವು.

ಚನ್ನರಾಯಪಟ್ಟಣಕ್ಕೆ ಹೋಗಿ ಡ್ರೈವರಣ್ಣನ ಮುಂದೆ ಬಗ್ಗಿ ಇಟ್ಟು, ಗದರಿದ್ದಕ್ಕೆ ಮೊದಲು ತಪ್ಪಾಯಿತು ಅಂದೆ. ಆಮೇಲೆ ಹೊದಿಕೆ ತೆಗೆದು, ಒಂದು ಚೊಂಬು ನೀರು ತರಿಸಿ, ಅವರ ಕಣ್ಣೆದುರೇ ಮೆಕ್ಯಾನಿಕಲ್ ಕಂಟ್ರೋಲಿನ ಮೇಲೆ ಹುಯ್ದೆ. ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟೆ. ಕಾಫಿ ಕುಡಿದು ಬಂದು ರಿಮೋಟಿನ ಕುದುರೆ ಒತ್ತಿದರೆ ಚಕ್ರ ತಿರುಗಿತು. ಅಣ್ಣ ಬಗ್ಗಿ ನೋಡಿದರು. ತಾಮ್ರದ ಪಟ್ಟಿಯ ಮೇಲೆ ತೋಳು ಸರಿಯುವುದನ್ನು ಬಹಳ ಹೊತ್ತು ನೋಡಿದರು. ಬೆರಳಲ್ಲಿ ತಾವೇ ಸರಿಸಿದರು.

"ಫಸ್ಟು, ಸೆಕೆಂಡು, ಟಾಪು," ಅಂದರು. "ಇದು ಗಾಡಿ ಕಣ್ ಸಾ."

ರೇಸಿನ ದಿನ ಅವರು ಬಾಡಿಗೆ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಬಂದರು. ದಾರಿಯುದ್ದಕ್ಕೂ ಕಾರಿನ ಹುಡುಗನಿಗೆ ಗೇರ್ ಯಾವಾಗ ಹಾಕಬೇಕು ಅಂತ ಹೇಳಿ ತಲೆ ತಿಂದರು ಅಂತ ಮೇಷ್ಟ್ರಮ್ಮ ನಗುತ್ತಾ ದೂರು ಹೇಳಿದರು. ಕೆರೆಯಂಗಳ ಬಿಸಿಲಿಗೆ ಬಿರಿದಿತ್ತು. ಹಳೆಯ ಟೈರುಗಳನ್ನಿಟ್ಟು ದಾರಿ ಮಾಡಿದ್ದೆವು. ನಡುವೆ ಒಂದು ಹಾರುದಿಬ್ಬ. ಓಡಿಸುವವರೆಲ್ಲ ಕೆರೆ ಏರಿಯ ಕಡೆ ಸಾಲಾಗಿ ನಿಲ್ಲುವುದು, ಅಣ್ಣನಿಗೊಂದು ಕುರ್ಚಿ. ನೋಡಲು ಬಂದ ಊರಿನವರು ನೆಲದ ಮೇಲೆ ಕೂತಿದ್ದರು. ಮಗುಚಿಬಿದ್ದ ಬಗ್ಗಿಗಳನ್ನು ಎತ್ತಿ ನಿಲ್ಲಿಸಲು ಎದುರು ಬದಿಯಲ್ಲಿ ಒಬ್ಬರು ಬೇಕು. ಆ ದಿನ ಜನ ಸಾಲದೆ, ನಾನು ಹೋಗುತ್ತೇನೆ ಅಂತ ಮೇಷ್ಟ್ರಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟರು.

ಎರಡು ಸುತ್ತಿನ ಸ್ಪರ್ಧೆ, ಆರು ಬಗ್ಗಿ. ಮೊದಲ ಸುತ್ತಿನಲ್ಲಿ ಡ್ರೈವರಣ್ಣ ಮೂರನೆಯವರಾಗಿ ಓಡಿಸುತ್ತಿದ್ದರು. ನನ್ನ ಬಗ್ಗಿ ಅವರ ಹಿಂದಿತ್ತು, ಅದೂ ಹೇಳಿಬಿಡುತ್ತೇನೆ. ಅವರ ಬಗ್ಗಿ ಹಾರುದಿಬ್ಬದಿಂದ ನೆಲಕ್ಕೆ ಬಿದ್ದಾಗ ಒಂದು ಸಣ್ಣ ಟಕ್ ಸದ್ದು ಕೇಳಿಸಿತು. ಆಮೇಲೆ ಅದು ತಿರುವಿನಲ್ಲೂ ವೇಗ ತಗ್ಗಿಸಲಿಲ್ಲ.

"ಬ್ರೇಕ್ ಇಲ್ಲ ಸಾ," ಅಂದರು ಅಣ್ಣ, ಊಟ ಆಯ್ತಾ ಅಂತ ಕೇಳುವ ದನಿಯಲ್ಲಿ.

ಏನಾಗಿದೆ ಅಂತ ನನಗೆ ಕೂಡಲೇ ಹೊಳೆಯಿತು. ಸರ್ವೋದಿಂದ ತೋಳಿಗೆ ಹೋಗುವ ತಂತಿಯ ಸ್ಕ್ರೂ ಕಳಚಿತ್ತು, ಕಂಟ್ರೋಲ್ ಟಾಪಿನಲ್ಲೇ ಸಿಕ್ಕಿಕೊಂಡಿತ್ತು. ಒಂದೂವರೆ ಕೇಜಿ ತೂಕ, ಮೂವತ್ತು ಕಿಲೋಮೀಟರ್ ವೇಗ, ಮುಂದಿನ ತಿರುವಿನ ಆಚೆ ಜನ ಕಾಲು ಚಾಚಿ ಕೂತಿದ್ದಾರೆ. ಸ್ಟೀರಿಂಗ್ ಮಾತ್ರ ಕೆಲಸ ಮಾಡುತ್ತಿತ್ತು. ನಾನು ಓಡಲು ಶುರುಮಾಡಿದೆ, ಎಲ್ಲಿಗೆ ಅಂತ ನನಗೇ ಗೊತ್ತಿರಲಿಲ್ಲ. ಅಣ್ಣ ಟೈರುಗಳ ಸಾಲಿನಿಂದ ಬಗ್ಗಿಯನ್ನು ಒಳಕ್ಕೆ ಕತ್ತರಿಸಿ, ಬೀಜದಂಗಡಿಯವರ ಬಗ್ಗಿ ಮುಂದೆ ಹೋಗುವವರೆಗೂ ದೊಡ್ಡದಾಗಿ ಒಂದು ಸುತ್ತು ಹಾಕಿಸಿದರು. ಬಗ್ಗಿ ಅರ್ಧ ಸುತ್ತು ನಮ್ಮಿಂದ ದೂರಕ್ಕೆ, ಅರ್ಧ ಸುತ್ತು ನಮ್ಮ ಮುಖಕ್ಕೆ. ಅವರ ಕೈ ಒಂದು ಸಲವೂ ತಡವರಿಸಲಿಲ್ಲ. ದಾರಿ ಖಾಲಿಯಾದ ಕೂಡಲೇ ನೇರ ಏರಿಯ ಬುಡದಲ್ಲಿ ತೋಡಿಟ್ಟಿದ್ದ ಹೂಳಿನ ರಾಶಿಗೆ ತಿರುಗಿಸಿದರು. ಬಗ್ಗಿ ಸಡಿಲ ಮಣ್ಣು ಹತ್ತಿ, ಅರ್ಧ ಹೂತುಕೊಂಡು, ಹಿಂದಿನ ಚಕ್ರಗಳಿಂದ ಮಣ್ಣು ಎರಚುತ್ತಾ ಅಲ್ಲೇ ನಿಂತಿತು. ನಾನು ಹೋಗಿ ಬ್ಯಾಟರಿ ಕಿತ್ತೆ.

"ಬ್ರೇಕ್ ಫೇಲಾದ್ರೆ ಮೊದ್ಲು ಜನ ನೋಡ್ಬೇಕು, ಆಮೇಲೆ ಮಣ್ಣು ನೋಡ್ಬೇಕು," ಅಂದರು ಅಣ್ಣ. ಅಷ್ಟೆ ಅವರು ಕೊಟ್ಟ ವಿವರಣೆ.

ಆ ಸ್ಕ್ರೂ ನಾನು ಬಿಗಿ ಮಾಡಿದ್ದು. ರೇಡಿಯೋ ರಿಪೇರಿಯಲ್ಲಿ ಸ್ಕ್ರೂ ಅಲುಗದಂತೆ ಒಂದು ಹನಿ ನೈಲ್ ಪಾಲಿಶ್ ಬಿಡುವುದು ವಾಡಿಕೆ. ಇದಕ್ಕೆ ಬಿಟ್ಟಿರಲಿಲ್ಲ. ಎರಡನೇ ಸುತ್ತಿಗೆ ಇಳಿಯುವುದು ಬೇಡ, ಇವತ್ತಿಗೆ ಸಾಕು ಅಂತ ಬಗ್ಗಿಯನ್ನು ಡಬ್ಬಕ್ಕೆ ಹಾಕಲು ಹೋದೆ. ಅಣ್ಣ ಕೋಲಿನಿಂದ ಡಬ್ಬವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಬುಡಿ ಸಾ. ಬಸ್ಸು ಓನರ್‌ದಾಗಿತ್ತು. ಇದು ನಂದು."

ಬಗ್ಗಿಯನ್ನು ತೊಡೆಯ ಮೇಲಿಟ್ಟುಕೊಂಡು, ಜೇಬಿನಿಂದ ಬೈಂಡಿಂಗ್ ವೈರ್ ತೆಗೆದು, ತಂತಿಯನ್ನು ತೋಳಿಗೆ ಎರಡು ಸುತ್ತು ಸುತ್ತಿ ಮುರಿಗೆ ಹಾಕಿದರು. ನನ್ನ ಬೆಂಚಿನಲ್ಲಿ ನಾನು ಮಾಡಿದ್ದರೆ ಇಷ್ಟು ಗಟ್ಟಿಯಾಗಿ ಮಾಡುತ್ತಿರಲಿಲ್ಲ. ಎರಡನೇ ಸುತ್ತಿನಲ್ಲಿ ಬೀಜದಂಗಡಿಯವರು ಗೆದ್ದರು, ಯಾವಾಗಲೂ ಅವರೇ. ಡ್ರೈವರಣ್ಣ ನಾಲ್ಕನೆಯವರು, ನಾನು ಐದು. ನಾಲ್ಕು ಅಂದಾಗ ಅವರು ಮೀಸೆ ಒರೆಸಿಕೊಂಡು, ಟಾಪಿನಲ್ಲಿ ಎಳೆತ ಸಾಲದು, ಮೋಟಾರ್ ಬದಲಾಯಿಸಬೇಕು ಅಂತ ಡಾಕ್ಟರ ಜೊತೆ ವಾದಕ್ಕೆ ನಿಂತರು. ನನಗೆ ಆದ ಸಂತೋಷ ಗೆದ್ದವರಿಗೂ ಆಗಿರಲಿಕ್ಕಿಲ್ಲ.

ಮೇಷ್ಟ್ರಮ್ಮ ಎದುರು ಬದಿಯಿಂದ ಧೂಳು ಕೊಡವಿಕೊಳ್ಳುತ್ತಾ ಬಂದರು. ಕಣ್ಣು ಒದ್ದೆಯಾಗಿತ್ತು. ಹೂಳಿನ ರಾಶಿಗೆ ನುಗ್ಗಿದ್ದು ನೋಡಿ ಹೆದರಿದರೇನೋ ಅಂತ ನಾನು ಸಮಾಧಾನ ಹೇಳಲು ಹೋದೆ.

"ಅದಕ್ಕಲ್ಲ ಸರ್," ಅಂದರು. "ಇಪ್ಪತ್ತೆಂಟು ವರ್ಷ ಇವರ ಬಸ್ಸಲ್ಲಿ ಎಷ್ಟು ಸಲ ಕೂತಿದ್ದೀನೋ ಲೆಕ್ಕ ಇಲ್ಲ. ಯಾವಾಗ್ಲೂ ಕಂಡಿದ್ದು ಬೆನ್ನು, ಹೆಚ್ಚು ಅಂದ್ರೆ ಕನ್ನಡೀಲಿ ಎರಡು ಕಣ್ಣು. ಗಾಡಿ ಓಡಿಸುವಾಗ ಇವರ ಮುಖ ಹೆಂಗಿರುತ್ತೆ ಅಂತ ಇವತ್ತೇ ನೋಡಿದ್ದು."

ಗಂಡನ ಕಡೆ ಒಂದು ಸಲ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದರು:

"ಆ ಎದುರುಗಡೆ ನಿಲ್ಲೋ ಕೆಲಸ ಬೇರೆ ಯಾರಿಗೂ ಕೊಡ್ಬೇಡಿ ಸರ್. ಪ್ರತಿ ವಾರ ನಾನೇ ಬರ್ತೀನಿ."